ತಂತಿ ಕಿತ್ತು ನೋಡಿ: ಸದಾ ಇಂಟರ್ನೆಟ್ ಬೇಡುವ ಆಟಗಳನ್ನು ಕೊಳ್ಳುವವರಿಗೊಂದು ಕೈಪಿಡಿ

ಒಬ್ಬರೇ ಕುಳಿತು ಆಡುವ ವಿಡಿಯೊ ಗೇಮ್‌ಗೆ ಇಂಟರ್ನೆಟ್ ಏಕೆ ಬೇಕು ಎಂದು ಕೇಳಿದರೆ ಕಂಪನಿಗಳು ಹಲವು ಕಾರಣ ಕೊಡುತ್ತವೆ. ಆಟದ ಪ್ರಗತಿ ಕ್ಲೌಡ್‌ನಲ್ಲಿ ಸುರಕ್ಷಿತವಾಗಿರುತ್ತದೆ, ಗೆಳೆಯರ ಅಂಕಗಳು ಕಾಣಿಸುತ್ತವೆ, ಮೋಸದಾಟವನ್ನು ತಡೆಯಬಹುದು ಎನ್ನುತ್ತವೆ. ಇವುಗಳಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಈ ಮಾತುಗಳ ಹಿಂದಿರುವುದು ನಕಲು ತಡೆಯುವ ಬೀಗ. ಆಟ ನಿಮ್ಮ ಕಂಪ್ಯೂಟರಿನಲ್ಲಿದ್ದರೂ ಅದನ್ನು ತೆರೆಯುವ ಅನುಮತಿ ಬೇರೆಯವರ ಸರ್ವರ್‌ನಲ್ಲಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುವ ಸ್ಥಿತಿ ಇದು. ಹಣ ತೆತ್ತ ಗ್ರಾಹಕರು ಈ ಬೀಗವನ್ನು ಮುಂಚಿತವಾಗಿ ಗುರುತಿಸುವುದು ಹೇಗೆ, ಕೊಂಡ ಮೇಲೆ ಪರೀಕ್ಷಿಸುವುದು ಹೇಗೆ, ಬೀಗ ಕೈಕೊಟ್ಟಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲ ಬೀಗಗಳೂ ಒಂದೇ ಬಗೆಯವಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕೆಲವು ಆಟಗಳು ಇನ್‌ಸ್ಟಾಲ್ ಮಾಡಿದಾಗ ಒಮ್ಮೆ ಮಾತ್ರ ಸರ್ವರ್‌ನ ಒಪ್ಪಿಗೆ ಪಡೆಯುತ್ತವೆ. 2008ರಲ್ಲಿ ಬಂದ 'ಸ್ಪೋರ್' ಈ ಬಗೆಯದು. ಅದು ಮೂರೇ ಕಂಪ್ಯೂಟರುಗಳಿಗೆ ಒಪ್ಪಿಗೆ ಕೊಡುತ್ತಿತ್ತು, ಗ್ರಾಹಕರು ಸಿಟ್ಟಿಗೆದ್ದ ಮೇಲೆ ಮಿತಿ ಐದಕ್ಕೇರಿತು. ಇನ್ನು ಕೆಲವು ಆಟಗಳು ಪ್ರತಿ ಸಲ ಶುರುವಾಗುವಾಗ ಒಪ್ಪಿಗೆ ಕೇಳಿ, ನಂತರ ಸುಮ್ಮನಿರುತ್ತವೆ. ಮೂರನೆಯ ಬಗೆಯವು ಆಡುತ್ತಿರುವಷ್ಟು ಹೊತ್ತೂ ಸಂಪರ್ಕ ಬೇಡುತ್ತವೆ. 2010ರಲ್ಲಿ ಯೂಬಿಸಾಫ್ಟ್ ಕಂಪನಿ 'ಅಸ್ಯಾಸಿನ್ಸ್ ಕ್ರೀಡ್ 2' ಆಟದ ಕಂಪ್ಯೂಟರ್ ಆವೃತ್ತಿಗೆ ಹಾಕಿದ್ದು ಇಂಥ ಬೀಗ; ಸಂಪರ್ಕ ತಪ್ಪಿದರೆ ಆಟ ಅಲ್ಲಿಯೇ ನಿಲ್ಲುತ್ತಿತ್ತು. ಇವೆಲ್ಲಕ್ಕಿಂತ ಗಟ್ಟಿಯಾದುದು ನಾಲ್ಕನೆಯ ಬಗೆ. ಅದರಲ್ಲಿ ಆಟದ ಒಂದು ಭಾಗವೇ, ಅಂದರೆ ನಿಮ್ಮ ಪ್ರಗತಿಯನ್ನು ಉಳಿಸಿಡುವ ಸೇವ್ ಫೈಲ್‌ಗಳೋ ಲೆಕ್ಕಾಚಾರಗಳೋ ಆಟದೊಳಗಿನ ಜಗತ್ತೋ, ಕಂಪನಿಯ ಯಂತ್ರದಲ್ಲಿ ಇರುತ್ತದೆ. ಮೊದಲ ಮೂರು ಬಗೆಗಳಲ್ಲಿ ಕಂಪನಿ ಮನಸ್ಸು ಮಾಡಿದರೆ ಒಂದು ಪ್ಯಾಚ್‌ನಿಂದ, ಅಂದರೆ ಆಟವನ್ನು ತಿದ್ದುವ ಸಣ್ಣ ಕಡತದಿಂದ, ಬೀಗ ತೆಗೆಯಬಹುದು. ನಾಲ್ಕನೆಯದರಲ್ಲಿ ಬೀಗ ತೆಗೆದರೂ ಒಳಗಿನ ಕೋಣೆ ಅರ್ಧ ಖಾಲಿಯಾಗಿರುತ್ತದೆ. ಆದ್ದರಿಂದ ಆಟವೊಂದನ್ನು ನೋಡುವಾಗ ಇದರ ಎಷ್ಟು ಭಾಗ ನನ್ನ ಯಂತ್ರದಲ್ಲಿರುತ್ತದೆ ಎಂದು ಕೇಳಿಕೊಳ್ಳಬೇಕು. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಹಣ ಕೊಡುವ ಮೊದಲು

ಕಂಪ್ಯೂಟರ್ ಆಟಗಳನ್ನು ಇಂಟರ್ನೆಟ್‌ನಲ್ಲಿ ಮಾರುವ ಸ್ಟೀಮ್ ಅಂಗಡಿಯಲ್ಲಿ ಆಟದ ಪುಟದ ಬದಿಯ ಅಂಕಣವನ್ನು ಜನ ಸಾಮಾನ್ಯವಾಗಿ ಓದುವುದೇ ಇಲ್ಲ. ಆಟದಲ್ಲಿ ಡೆನುವೊದಂತಹ ಹೊರಗಿನ ಡಿಆರ್‌ಎಂ, ಅಂದರೆ ನಕಲು ತಡೆ ವ್ಯವಸ್ಥೆ, ಇದ್ದರೆ ಅಥವಾ ಸ್ಟೀಮ್ ಖಾತೆಯ ಜೊತೆಗೆ ಬೇರೊಂದು ಕಂಪನಿಯ ಖಾತೆಯೂ ಬೇಕಿದ್ದರೆ ಆ ವಿಷಯ ಅಲ್ಲಿ ಬರೆದಿರುತ್ತದೆ. ಎರಡನೆಯ ಖಾತೆ ಬೇಕೆಂದರೆ ಎರಡು ಸರ್ವರ್‌ಗಳ ಒಪ್ಪಿಗೆ ಬೇಕಾಗಬಹುದು. ಯಾವುದೊಂದು ಮಲಗಿದರೂ ನಿಮ್ಮ ಆಟ ನಿಲ್ಲಬಹುದು. ಕಂಪ್ಯೂಟರಿಗೆ ಬೇಕಾದ ಅರ್ಹತೆಗಳ ಪಟ್ಟಿಯಲ್ಲಿ 'ಇಂಟರ್ನೆಟ್ ಸಂಪರ್ಕ ಬೇಕು' ಎಂಬ ಸಾಲು ಕಂಡರೆ ಅದರಿಂದಲೇ ತೀರ್ಮಾನಕ್ಕೆ ಬರಬೇಡಿ. ಅದು ಒಂದು ಸಲದ ಒಪ್ಪಿಗೆಗಾಗಿಯೂ ಇರಬಹುದು, ಹಲವರು ಸೇರಿ ಆಡುವ ಭಾಗಕ್ಕಾಗಿಯೂ ಇರಬಹುದು, ಸದಾಕಾಲದ ಸಂಪರ್ಕಕ್ಕಾಗಿಯೂ ಇರಬಹುದು. ಡಿಸ್ಕ್ ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು. ಡಿಸ್ಕ್ ಕೈಯಲ್ಲಿದೆ ಎಂದ ಮಾತ್ರಕ್ಕೆ ಆಟ ಕೈಯಲ್ಲಿದೆ ಎಂದಾಗುವುದಿಲ್ಲ.

ಅಂಗಡಿಯ ಪುಟ ಹೇಳದ ಸಂಗತಿಗಳನ್ನು ಪಿಸಿ ಗೇಮಿಂಗ್ ವಿಕಿ ಎಂಬ ತಾಣದಲ್ಲಿ ನೋಡಬಹುದು. ಕಂಪ್ಯೂಟರ್ ಆಟಗಳಿಗೆ ಅಲ್ಲಿ ಒಂದೊಂದು ಪುಟವಿದ್ದು, ಯಾವ ಅಂಗಡಿಯ ಪ್ರತಿಗೆ ಯಾವ ಬೀಗವಿದೆ, ಸೇವ್ ಫೈಲ್‌ಗಳು ಯಾವ ಫೋಲ್ಡರಿನಲ್ಲಿ ಕೂರುತ್ತವೆ ಎಂಬ ವಿವರಗಳನ್ನು ಆಟಗಾರರೇ ಬರೆದಿಡುತ್ತಾರೆ. ಇದರ ಜೊತೆಗೆ ಗ್ರಾಹಕರ ವಿಮರ್ಶೆಗಳಲ್ಲಿ ಮೆಚ್ಚದವರ ಮಾತುಗಳನ್ನಷ್ಟೇ ಆಯ್ದು ಆಫ್‌ಲೈನ್, ಸರ್ವರ್, ಲಾಗಿನ್ ಎಂಬ ಪದಗಳಿಗಾಗಿ ಹುಡುಕಿ. ಹೊಗಳುವವರ ಸಂಪರ್ಕ ಚೆನ್ನಾಗಿರುತ್ತದೆ, ಆದ್ದರಿಂದ ಅವರಿಗೆ ಬೀಗ ಇರುವುದೇ ಗೊತ್ತಾಗಿರುವುದಿಲ್ಲ.

ಒಂದೇ ಆಟ ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಬೇರೆ ಷರತ್ತು ಹಾಕಬಹುದು. 2012ರ ಮೇ ತಿಂಗಳಲ್ಲಿ ಬಂದ 'ಡಯಾಬ್ಲೊ 3' ಕಂಪ್ಯೂಟರಿನಲ್ಲಿ ಸದಾ ಸಂಪರ್ಕ ಬೇಡುತ್ತದೆ. ಮರುವರ್ಷ ಬಂದ ಅದರ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಆವೃತ್ತಿಗಳನ್ನು ಆಫ್‌ಲೈನ್‌ನಲ್ಲಿಯೇ ಆಡಬಹುದಾಗಿತ್ತು. ಆಟದೊಳಗೆ ನಿಜವಾದ ಹಣಕ್ಕೆ ವಸ್ತುಗಳನ್ನು ಮಾರುವ ಹರಾಜುಕಟ್ಟೆ ಇರುವುದರಿಂದ ಸಂಪರ್ಕ ಅನಿವಾರ್ಯ ಎಂಬ ವಾದವೂ ಇತ್ತು; ಆ ಹರಾಜುಕಟ್ಟೆಯನ್ನು 2014ರ ಮಾರ್ಚ್‌ನಲ್ಲಿ ಮುಚ್ಚಿದ ಮೇಲೂ ಕಂಪ್ಯೂಟರ್ ಆವೃತ್ತಿಯ ಷರತ್ತು ಹಾಗೆಯೇ ಉಳಿಯಿತು. ಕೈಯಲ್ಲಿ ಎರಡು ಯಂತ್ರಗಳಿದ್ದರೆ ಕೊಳ್ಳುವ ಮುನ್ನ ಎರಡರ ಷರತ್ತುಗಳನ್ನೂ ಹೋಲಿಸಿ ನೋಡುವುದು ಒಳ್ಳೆಯದು.

ಅಂಗಡಿಯ ಹೆಸರನ್ನು ನಂಬಿ ಕೊಳ್ಳುವುದೂ ಸಾಲದು. ಡಿಆರ್‌ಎಂ ಇಲ್ಲದ ಆಟಗಳನ್ನೇ ಮಾರುತ್ತೇವೆ ಎಂದು 2008ರಿಂದ ಹೇಳಿಕೊಂಡು ಬಂದಿರುವ ಜಿಒಜಿ ಎಂಬ ಅಂಗಡಿಗೆ 2021ರ ಸೆಪ್ಟೆಂಬರ್‌ನಲ್ಲಿ 'ಹಿಟ್‌ಮ್ಯಾನ್' ಆಟದ 2016ರ ಆವೃತ್ತಿ ಬಂತು. ಆಟವೇನೋ ಸಂಪರ್ಕವಿಲ್ಲದೆ ಶುರುವಾಗುತ್ತಿತ್ತು. ಆದರೆ ಹೊಸ ಆಯುಧಗಳು ತೆರೆದುಕೊಳ್ಳುವುದು, ಅಂಕಗಳು ಸೇರುವುದು ಮುಂತಾದ ಮುಖ್ಯ ಭಾಗಗಳು ಸರ್ವರ್ ಇಲ್ಲದೆ ನಡೆಯುತ್ತಿರಲಿಲ್ಲ. ಗ್ರಾಹಕರು ತರಾಟೆಗೆ ತೆಗೆದುಕೊಂಡ ಮೇಲೆ ಅಂಗಡಿ ಅಕ್ಟೋಬರ್‌ನಲ್ಲಿ ಆ ಆಟವನ್ನು ತೆಗೆದುಹಾಕಿತು. ಶುರುವಾಗುವುದು ಬೇರೆ, ಪೂರ್ತಿಯಾಗಿ ನಡೆಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅವಸರವಿಲ್ಲದವರು ಕೆಲವು ತಿಂಗಳು ಕಾಯಬಹುದು. ನಕಲು ತಡೆಯ ಮುಖ್ಯ ಉದ್ದೇಶ ಬಿಡುಗಡೆಯಾದ ಮೊದಲ ವಾರಗಳ ಮಾರಾಟವನ್ನು ಕಾಪಾಡುವುದು. ಆ ಅವಧಿ ಕಳೆದ ಮೇಲೆ ಕೆಲವು ಕಂಪನಿಗಳು ತಾವಾಗಿಯೇ ಬೀಗ ತೆಗೆಯುತ್ತವೆ. 2016ರ ಮೇ ತಿಂಗಳಲ್ಲಿ ಬಂದ 'ಡೂಮ್' ಆಟದಿಂದ ಡೆನುವೊವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ತೆಗೆಯಲಾಯಿತು. ಕಾದವರಿಗೆ ಬೆಲೆಯೂ ಇಳಿದಿರುತ್ತದೆ, ದೋಷಗಳೂ ಕಡಿಮೆಯಾಗಿರುತ್ತವೆ.

ಮರುಪಾವತಿಯ ಗಡುವಿನೊಳಗೆ ಪರೀಕ್ಷೆ

ಈ ಕೈಪಿಡಿಯಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಆಟ ಕೊಂಡ ದಿನವೇ, ಅದರ ಕಥೆಯಲ್ಲಿ ಮುಳುಗುವ ಮೊದಲೇ, ಇಂಟರ್ನೆಟ್ ತಂತಿ ಕಿತ್ತು ನೋಡಿ. ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ, ಕಾರಣ ಯಾವುದಾದರೂ ಹಣ ವಾಪಸು ಕೇಳಬಹುದು. ಎಪಿಕ್ ಅಂಗಡಿಯ ನಿಯಮವೂ ಹೆಚ್ಚುಕಡಿಮೆ ಹೀಗೆಯೇ ಇದೆ. ಜಿಒಜಿ 30 ದಿನಗಳ ಕಾಲಾವಕಾಶ ಕೊಡುತ್ತದೆ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಮಾತ್ರ ಡೌನ್‌ಲೋಡ್ ಶುರು ಮಾಡಿದ ಕೂಡಲೇ, ಆಟದಲ್ಲಿ ದೋಷವಿದ್ದ ಹೊರತು, ಈ ಹಕ್ಕು ಹೋಗುತ್ತದೆ. ಅಂದರೆ ಅಲ್ಲಿ ಪರೀಕ್ಷಿಸಿ ಹಿಂತಿರುಗಿಸುವ ದಾರಿಯೇ ಇಲ್ಲದಿರುವುದರಿಂದ, ಮೇಲೆ ಹೇಳಿದ ವಿಚಾರಣೆಯನ್ನೆಲ್ಲ ಹಣ ಕೊಡುವ ಮೊದಲೇ ಮುಗಿಸಿರಬೇಕು.

ಪರೀಕ್ಷೆಯ ಕ್ರಮ ಹೀಗಿದೆ. ಸಂಪರ್ಕವಿರುವಾಗ ಆಟವನ್ನು ಒಮ್ಮೆ ತೆರೆದು, ಮೊದಲ ಹಂತದವರೆಗೆ ಆಡಿ, ಸೇವ್ ಮಾಡಿ ಹೊರಬನ್ನಿ. ಈ ಮೊದಲ ಸುತ್ತಿನಲ್ಲಿಯೇ ಬಹಳಷ್ಟು ಆಟಗಳು ಒಪ್ಪಿಗೆಯ ಕಡತವನ್ನು ಇಳಿಸಿಕೊಳ್ಳುತ್ತವೆ. ಅದನ್ನು ಬಿಟ್ಟು ನೇರವಾಗಿ ತಂತಿ ಕಿತ್ತರೆ ಆಟದ ಮೇಲೆ ಸುಳ್ಳು ಆಪಾದನೆ ಹೊರಿಸಿದಂತಾಗುತ್ತದೆ. ನಂತರ ವೈಫೈ ಆರಿಸಿ ಅಥವಾ ತಂತಿ ಕಿತ್ತು ಕಂಪ್ಯೂಟರನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆದು ಆಟವನ್ನು ಶುರು ಮಾಡಿ. ಮುಖಪುಟ ಬಂದರೆ ಸಂತೋಷಪಡಬೇಡಿ, ಹಿಂದಿನ ಸೇವ್ ಸಿಗುತ್ತದೆಯೇ, ಹೊಸದಾಗಿ ಸೇವ್ ಮಾಡಲು ಆಗುತ್ತದೆಯೇ, ಪಟ್ಟಿಯಲ್ಲಿ ಯಾವ ಆಯ್ಕೆಗಳು ಮಂಕಾಗಿವೆ ಎಂಬುದನ್ನು ನೋಡಿ. ಮೂರನೆಯ ಸುತ್ತಿನಲ್ಲಿ ಸಂಪರ್ಕದೊಂದಿಗೆ ಆಡುತ್ತಿರುವಾಗ ನಡುವೆ ತಂತಿ ಕೀಳಿ. ಕೆಲವು ಆಟಗಳು ಆ ಕ್ಷಣವೇ ನಿಲ್ಲುತ್ತವೆ, ಕೆಲವು ಐದಾರು ನಿಮಿಷ ಸಹಿಸಿಕೊಂಡು ಆಮೇಲೆ ಹೊರದಬ್ಬುತ್ತವೆ. ಆದ್ದರಿಂದ ಸ್ವಲ್ಪ ಹೊತ್ತು ಆಡುತ್ತಲೇ ಇರಬೇಕು. ಕೊನೆಯ ಸುತ್ತಿಗೆ ತಾಳ್ಮೆ ಬೇಕು. ಒಂದೆರಡು ದಿನ ಆ ಕಂಪ್ಯೂಟರಿಗೆ ಸಂಪರ್ಕ ಕೊಡದೆ ಇಟ್ಟು ಮತ್ತೆ ಆಟ ತೆರೆಯಿರಿ, ಏಕೆಂದರೆ ಒಪ್ಪಿಗೆಗೆ ಕಾಲಮಿತಿ ಇರುವ ಆಟಗಳು ಮೊದಲ ದಿನ ಸಿಕ್ಕಿಬೀಳುವುದಿಲ್ಲ.

ಪ್ರತಿ ಸುತ್ತಿನಲ್ಲಿ ತೆರೆಯ ಮೇಲೆ ಬಂದ ಸಂದೇಶವನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಮರುಪಾವತಿ ಕೇಳುವಾಗ 'ಆಟ ಸರಿಯಿಲ್ಲ' ಎನ್ನುವುದಕ್ಕಿಂತ, ಒಬ್ಬರೇ ಆಡುವ ಭಾಗವೂ ಸಂಪರ್ಕವಿಲ್ಲದೆ ತೆರೆಯುತ್ತಿಲ್ಲ, ಈ ಷರತ್ತು ಮಾರಾಟದ ಪುಟದಲ್ಲಿ ಸ್ಪಷ್ಟವಾಗಿರಲಿಲ್ಲ ಎಂದು ಎರಡೇ ವಾಕ್ಯದಲ್ಲಿ ಬರೆದು ಚಿತ್ರ ಲಗತ್ತಿಸಿದರೆ ಅರ್ಜಿಗೆ ತೂಕ ಬರುತ್ತದೆ.

ಈ ಪರೀಕ್ಷೆಯನ್ನು ನಾನು ಕಲಿತದ್ದು ನಷ್ಟದಿಂದಲೇ. ಹಿಂದೊಮ್ಮೆ ದೀರ್ಘ ಪ್ರಯಾಣಕ್ಕೆಂದು ಆಟವೊಂದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಮ್ಮೆಯೂ ತೆರೆಯದೆ ಹೊರಟಿದ್ದೆ. ದಾರಿಯಲ್ಲಿ ತೆರೆದಾಗ ಅದು ಮೊದಲು ಲಾಗಿನ್ ಆಗಿ ಎಂದಿತು. ಪ್ರಯಾಣ ಮುಗಿಸಿ ಬರುವಷ್ಟರಲ್ಲಿ ಹಣ ವಾಪಸು ಕೇಳುವ ಗಡುವೂ ಮುಗಿದಿತ್ತು.

ಆಫ್‌ಲೈನ್ ಸಿದ್ಧತೆ

ಪರೀಕ್ಷೆಯಲ್ಲಿ ತೇರ್ಗಡೆಯಾದ ಆಟಕ್ಕೂ ಸ್ವಲ್ಪ ಸಿದ್ಧತೆ ಬೇಕು. ಸ್ಟೀಮ್‌ನ ಆಫ್‌ಲೈನ್ ಸ್ಥಿತಿಗೆ ಹೋಗುವ ಮೊದಲು ಆಟದ ಅಪ್‌ಡೇಟ್ ಪೂರ್ತಿಯಾಗಿರಬೇಕು, ಒಮ್ಮೆಯಾದರೂ ಆಟವನ್ನು ತೆರೆದಿರಬೇಕು, ನಿಮ್ಮ ಲಾಗಿನ್ ಆ ಯಂತ್ರದಲ್ಲಿ ಉಳಿದಿರಬೇಕು. ಅರ್ಧ ಇಳಿದ ಅಪ್‌ಡೇಟ್ ಇರುವಾಗ ಸಂಪರ್ಕ ತಪ್ಪಿದರೆ ಆಟ ತೆರೆಯಲಾರದು. ಡೆನುವೊ ಇರುವ ಆಟಗಳ ಒಪ್ಪಿಗೆ ಆ ಯಂತ್ರದ ಬಿಡಿಭಾಗಗಳಿಗೂ ಆಪರೇಟಿಂಗ್ ಸಿಸ್ಟಮ್‌ಗೂ ಕಟ್ಟಿಕೊಂಡಿರುತ್ತದೆ. ಪ್ರೊಸೆಸರ್ ಬದಲಿಸಿದರೆ ಅಥವಾ ದೊಡ್ಡ ಅಪ್‌ಡೇಟ್ ಹಾಕಿದರೆ ಹೊಸ ಒಪ್ಪಿಗೆ ಬೇಕಾಗಬಹುದು. ಇಂಥ ಬದಲಾವಣೆಯ ನಂತರ ಸಂಪರ್ಕದೊಂದಿಗೆ ಒಮ್ಮೆ ಆಟ ತೆರೆದು ಮುಚ್ಚುವುದನ್ನು ಅಭ್ಯಾಸ ಮಾಡಿಕೊಳ್ಳಿ. ಒಂದು ದಿನಕ್ಕೆ ಐದು ಯಂತ್ರಗಳ ಮಿತಿ ಹಾಕುವ ಆಟಗಳೂ ಇವೆ. ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳನ್ನು ನಡೆಸುವ ಪ್ರೋಟಾನ್ ತಂತ್ರಾಂಶದ ಆವೃತ್ತಿಗಳನ್ನು ಬದಲಿಸಿ ಪ್ರಯೋಗ ಮಾಡುವವರ ಒಂದೇ ಕಂಪ್ಯೂಟರನ್ನು ಅವು ಹಲವು ಕಂಪ್ಯೂಟರುಗಳೆಂದು ಎಣಿಸಿ ಬಾಗಿಲು ಹಾಕಿದ ಪ್ರಸಂಗಗಳು ನಡೆದಿವೆ.

ಕನ್ಸೋಲ್‌ಗಳಲ್ಲಿ, ಅಂದರೆ ಆಟಕ್ಕೆಂದೇ ಮಾಡಿದ ಯಂತ್ರಗಳಲ್ಲಿ, ಒಂದು ಸೆಟ್ಟಿಂಗ್ ಬಹಳ ಮುಖ್ಯ. ಪ್ಲೇಸ್ಟೇಷನ್ 4ರಲ್ಲಿ ಯಂತ್ರವನ್ನು ಪ್ರೈಮರಿ ಎಂದು, ಪ್ಲೇಸ್ಟೇಷನ್ 5ರಲ್ಲಿ ಕನ್ಸೋಲ್ ಹಂಚಿಕೆ ಮತ್ತು ಆಫ್‌ಲೈನ್ ಆಟ ಎಂಬ ಆಯ್ಕೆಯಡಿ, ಎಕ್ಸ್‌ಬಾಕ್ಸ್‌ನಲ್ಲಿ ಹೋಮ್ ಎಕ್ಸ್‌ಬಾಕ್ಸ್ ಎಂದು ಗುರುತಿಸಿಡಬೇಕು. ಹೀಗೆ ಮಾಡದಿದ್ದರೆ ಡೌನ್‌ಲೋಡ್ ಮಾಡಿ ಕೊಂಡ ಆಟಗಳು ಸಂಪರ್ಕ ಹೋದಾಗ ಬಾಯಿ ಮುಚ್ಚಿಕೊಳ್ಳುತ್ತವೆ.

ಇನ್‌ಸ್ಟಾಲರ್ ಕಡತವನ್ನೇ ಕೊಡುವ ಅಂಗಡಿಯಿಂದ ಕೊಂಡಿದ್ದರೆ ಅದನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಇಳಿಸಿಟ್ಟು, ಸಂಪರ್ಕವಿಲ್ಲದ ಯಂತ್ರದಲ್ಲಿ ಒಮ್ಮೆ ಇನ್‌ಸ್ಟಾಲ್ ಮಾಡಿ ನೋಡಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ. ಸೇವ್ ಫೈಲ್‌ಗಳನ್ನೂ ಕ್ಲೌಡ್‌ನ ಮೇಲೆ ಮಾತ್ರ ಬಿಡದೆ ಆಗಾಗ ನಕಲು ಮಾಡಿಟ್ಟುಕೊಳ್ಳಿ.

ಸರ್ವರ್ ಕೈಕೊಟ್ಟಾಗ

2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್‌ನ ಸರ್ವರ್‌ಗಳ ಮೇಲೆ ದಾಳಿ ನಡೆದಾಗ ಹಣ ಕೊಟ್ಟು ಕೊಂಡವರಿಗೆ ತಮ್ಮ ಆಟವೇ ಸಿಗಲಿಲ್ಲ. 'ಡಯಾಬ್ಲೊ 3' ಬಿಡುಗಡೆಯ ದಿನ ಜನ ಕಂಡದ್ದು ಆಟವನ್ನಲ್ಲ, 'ಎರರ್ 37' ಎಂಬ ಸಂದೇಶವನ್ನು. ದಕ್ಷಿಣ ಕೊರಿಯಾದಲ್ಲಿ ವಿಷಯ ಸರ್ಕಾರದ ವ್ಯಾಪಾರ ಆಯೋಗದವರೆಗೂ ಹೋಗಿ, ಕಂಪನಿಯ ಕಚೇರಿಯಲ್ಲಿ ಶೋಧ ನಡೆದು, ಕೊನೆಗೆ ಅಲ್ಲಿನ ಗ್ರಾಹಕರಿಗೆ ಹಣ ವಾಪಸು ಕೊಡುವ ಏರ್ಪಾಡಾಯಿತು. 2013ರ ಮಾರ್ಚ್‌ನಲ್ಲಿ ಬಂದ 'ಸಿಮ್‌ಸಿಟಿ'ಯ ಕಥೆ ಇನ್ನೂ ಸ್ವಾರಸ್ಯಕರ. ನಗರದ ಲೆಕ್ಕಾಚಾರಗಳ ದೊಡ್ಡ ಪಾಲು ಸರ್ವರ್‌ನಲ್ಲಿ ನಡೆಯುತ್ತದೆ, ಆದ್ದರಿಂದ ಆಫ್‌ಲೈನ್ ಆಗಿಸುವುದು ಸುಲಭವಲ್ಲ ಎಂದು ತಯಾರಕರು ಹೇಳಿದರು. ಸರ್ವರ್‌ಗಳು ಜನಸಂದಣಿಗೆ ಕುಸಿದಾಗ ಅಮೆಜಾನ್ ಅದರ ಡೌನ್‌ಲೋಡ್ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತು. ಕೆಲವೇ ದಿನಗಳಲ್ಲಿ ಹವ್ಯಾಸಿಯೊಬ್ಬರು ಆಟವನ್ನು ತುಸು ತಿದ್ದಿ ಸರ್ವರ್ ಇಲ್ಲದೆ ನಡೆಸಿ ತೋರಿಸಿದರು. ವರ್ಷ ಕಳೆದು 2014ರ ಮಾರ್ಚ್‌ನಲ್ಲಿ ಕಂಪನಿಯೇ ಆಫ್‌ಲೈನ್ ಪ್ಯಾಚ್ ಕೊಟ್ಟಿತು. ಅನಿವಾರ್ಯ ಎಂಬ ಪದವನ್ನು ಕಂಪನಿಯ ಬಾಯಲ್ಲಿ ಕೇಳಿದಾಗ ನಾನು ಈ ಆಟವನ್ನು ನೆನೆಸಿಕೊಳ್ಳುತ್ತೇನೆ.

ದಾಳಿ, ಜನಸಂದಣಿ ಮಾತ್ರವಲ್ಲ, ಮರೆವು ಕೂಡ ಆಟವನ್ನು ನಿಲ್ಲಿಸಬಲ್ಲದು. 2021ರ ನವೆಂಬರ್‌ನಲ್ಲಿ ಡೆನುವೊ ಬಳಸುತ್ತಿದ್ದ ಒಂದು ಡೊಮೇನ್ ಹೆಸರಿನ, ಅಂದರೆ ಇಂಟರ್ನೆಟ್ ವಿಳಾಸದ, ಅವಧಿ ಮುಗಿದು, ಹಲವು ಆಟಗಳು ಕೆಲವು ಗಂಟೆಗಳ ಕಾಲ ತೆರೆಯಲಿಲ್ಲ. 2022ರ ಮಾರ್ಚ್‌ನಲ್ಲಿ 'ಗ್ರಾನ್ ಟುರಿಸ್ಮೊ 7' ದುರಸ್ತಿಗೆಂದು ನಿಂತು 30 ಗಂಟೆಗೂ ಹೆಚ್ಚು ಕಾಲ ಏಳಲಿಲ್ಲ; ಒಬ್ಬರೇ ಆಡುವ ಓಟಗಳ ಬಹುಭಾಗವೂ ಅದರೊಂದಿಗೆ ಮಲಗಿತ್ತು.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ ಕೆಲಸವೆಂದರೆ ಏನೂ ಮಾಡದಿರುವುದು. ಗಾಬರಿಯಿಂದ ಆಟವನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದರೆ, ಲಾಗ್ಔಟ್ ಮಾಡಿದರೆ, ಇರುವ ಒಪ್ಪಿಗೆಯನ್ನೂ ಕಳೆದುಕೊಂಡು ಸರ್ವರ್ ಎದ್ದ ಮೇಲೂ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಕಂಪನಿಯ ಸರ್ವರ್ ಸ್ಥಿತಿ ತೋರಿಸುವ ಪುಟವನ್ನು ನೋಡಿ, ದೋಷ ನಿಮ್ಮ ಕಡೆಯದೋ ಅವರದೋ ಖಚಿತಪಡಿಸಿಕೊಳ್ಳಿ. ಅವರದೇ ಎಂದಾದರೆ ದೋಷದ ಸಂಖ್ಯೆ, ದಿನಾಂಕ, ಸಮಯ ಬರೆದಿಟ್ಟುಕೊಂಡು ಸಹಾಯ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ, ಪರಿಹಾರ ಕೇಳಿ. 'ಸಿಮ್‌ಸಿಟಿ' ಕೊಂಡವರಿಗೆ ಇನ್ನೊಂದು ಆಟ ಉಚಿತವಾಗಿ ಸಿಕ್ಕಿತು. ಕೇಳುವವರು ಹೆಚ್ಚಿದ್ದರೆ ಕಂಪನಿಗಳು ಬಾಗುತ್ತವೆ. 24 ಗಂಟೆಗೊಮ್ಮೆ ಸಂಪರ್ಕ ಬೇಕು ಎಂದು 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ವಿಧಿಸಹೊರಟಿದ್ದ ಷರತ್ತನ್ನು ಮೈಕ್ರೋಸಾಫ್ಟ್ ಆ ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ, ಜೂನ್ ತಿಂಗಳಲ್ಲಿ, ಹಿಂದಕ್ಕೆ ಪಡೆದದ್ದು ಗ್ರಾಹಕರ ಗದ್ದಲದಿಂದಲೇ.

ಬೀಗ ಒಡೆದ ಪ್ರತಿಯನ್ನು ಎಲ್ಲಿಂದಲೋ ಇಳಿಸಿಕೊಳ್ಳುವ ಯೋಚನೆ ಬರುವುದೂ ಇದೇ ಹೊತ್ತಿನಲ್ಲಿ. ಹಣ ಕೊಟ್ಟವರು ಹೊರಗೆ ನಿಂತಿರುವಾಗ ಕದ್ದವರು ಒಳಗೆ ಆಡುತ್ತಿರುತ್ತಾರೆ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೂ ಅಂಥ ಪ್ರತಿಗಳ ಜೊತೆ ಕಂಪ್ಯೂಟರಿಗೆ ಹಾನಿ ಮಾಡುವ ತಂತ್ರಾಂಶ ನುಸುಳುವುದು ಸಾಮಾನ್ಯ, ಮತ್ತು ಬೀಗ ಒಡೆಯುವುದು ಬಹುತೇಕ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಅಮೆರಿಕದಲ್ಲಿ 2015ರಿಂದ ಒಂದು ಸೀಮಿತ ವಿನಾಯಿತಿ ಇದ್ದು, ಒಪ್ಪಿಗೆ ಕೊಡುವ ಸರ್ವರನ್ನು ಕಂಪನಿ ಶಾಶ್ವತವಾಗಿ ಮುಚ್ಚಿದ ಆಟಗಳಿಗೆ ಮಾತ್ರ ಅದು ಅನ್ವಯಿಸುತ್ತದೆ.

ಸರ್ವರ್ ಶಾಶ್ವತವಾಗಿ ಮುಚ್ಚುವಾಗ

2014ರ ಡಿಸೆಂಬರ್‌ನಲ್ಲಿ ಬಂದ 'ದಿ ಕ್ರೂ' ಎಂಬ ಕಾರ್ ಓಟದ ಆಟದ ಸರ್ವರ್‌ಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡುವ ಕಥಾಭಾಗ ಅದರಲ್ಲಿದ್ದರೂ ಪೂರ್ತಿ ಆಟವೇ ಸತ್ತುಹೋಯಿತು. ಡಿಸ್ಕ್ ಇದ್ದವರ ಕೈಯಲ್ಲೂ ಬರೀ ಪ್ಲಾಸ್ಟಿಕ್ ಉಳಿಯಿತು. ಇದರಿಂದಲೇ ಯೂಟ್ಯೂಬ್‌ನ ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಆರಂಭಿಸಿದರು, ಮತ್ತು ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸಲು ಹೊರಟ ನಾಗರಿಕರ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಗ್ರಾಹಕರಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ 'ಕೊಳ್ಳಿ' ಎಂಬ ಪದ ಬಳಸುವಂತಿಲ್ಲ. ಸ್ಟೀಮ್‌ನ ಪಾವತಿ ಪುಟದಲ್ಲಿ ಈಗ ಕಾಣುವ ಆ ಸಾಲನ್ನು ಓದದೆ ಮುಂದೆ ಹೋಗಬೇಡಿ.

ಮುಚ್ಚುವ ಕಂಪನಿಗಳೆಲ್ಲ ಹೀಗೆಯೇ ನಡೆದುಕೊಳ್ಳುವುದಿಲ್ಲ. 2024ರ ಜನವರಿಯಲ್ಲಿ 'ಗ್ರಾನ್ ಟುರಿಸ್ಮೊ ಸ್ಪೋರ್ಟ್' ಸರ್ವರ್‌ಗಳು ನಿಂತಾಗ ಆಟದ ಬಹುಭಾಗ ಆಫ್‌ಲೈನ್‌ನಲ್ಲಿ ನಡೆಯುವಂತೆ ಮೊದಲೇ ಪ್ಯಾಚ್ ಬಂದಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ 'ರೆಡ್‌ಫಾಲ್' ಆಟದ ಕೊನೆಯ ಅಪ್‌ಡೇಟ್ ಕೂಡ ಆಫ್‌ಲೈನ್ ಸ್ಥಿತಿಯನ್ನು ಕೊಟ್ಟಿತು.

ಇಂಥ ಕೊನೆಯ ಪ್ಯಾಚ್ ತಾನಾಗಿ ಬಂದು ಕೂರುತ್ತದೆ ಎಂದು ನಂಬಿ ಕುಳಿತುಕೊಳ್ಳಬಾರದು. ಮುಚ್ಚುವ ಸೂಚನೆ ಸಾಮಾನ್ಯವಾಗಿ ಖಾತೆಯ ಮಿಂಚಂಚೆಗೆ ಬರುತ್ತದೆ, ಆದ್ದರಿಂದ ಆಟದ ಖಾತೆಗಳಿಗೆ ನೀವು ನಿಜವಾಗಿಯೂ ತೆರೆದು ನೋಡುವ ವಿಳಾಸವನ್ನೇ ಕೊಟ್ಟಿರಿ. ಸೂಚನೆ ಬಂದ ಕೂಡಲೇ, ಇತ್ತೀಚೆಗೆ ಕೊಂಡ ಆಟವಾದರೆ ರಸೀದಿಯೊಂದಿಗೆ ಹಣ ವಾಪಸು ಕೇಳಿ. ಅಂಗಡಿ ಒಪ್ಪದಿದ್ದರೆ ನಿಮ್ಮ ದೇಶದ ಗ್ರಾಹಕ ವೇದಿಕೆಗೆ ದೂರು ಕೊಡಲು ಅದೇ ಪತ್ರವ್ಯವಹಾರ ಆಧಾರವಾಗುತ್ತದೆ. ಆಫ್‌ಲೈನ್ ಪ್ಯಾಚ್ ಘೋಷಣೆಯಾಗಿದ್ದರೆ ಆಟವನ್ನು ಪೂರ್ತಿ ಡೌನ್‌ಲೋಡ್ ಮಾಡಿ, ಸರ್ವರ್‌ನಲ್ಲಿರುವ ಸೇವ್‌ಗಳನ್ನು ಯಂತ್ರಕ್ಕೆ ಇಳಿಸುವ ಆಯ್ಕೆ ಕೊಟ್ಟಿದ್ದರೆ ಅದನ್ನೂ ಬಳಸಿ, ಗಡುವಿಗೆ ಕನಿಷ್ಠ ಒಂದು ವಾರ ಮೊದಲೇ ತಂತಿ ಕಿತ್ತು ಒಮ್ಮೆ ಆಡಿ ನೋಡಿ. ಏನಾದರೂ ಕೆಟ್ಟಿದ್ದರೆ ದೂರು ಕೇಳಿಸಿಕೊಳ್ಳಲು ಆ ಒಂದು ವಾರವಾದರೂ ಅಲ್ಲಿ ಯಾರೋ ಇರುತ್ತಾರೆ.